ರಾಯರು ಜೀಪು ಕೊಂಡದ್ದು

ಹಳೆಯ ವಾಹನವನ್ನು ಕೊಳ್ಳುವವರಲ್ಲಿ ಎರಡು ತೆರ. ಹೊಸದನ್ನು ಕೊಳ್ಳಲು ಹಣ ಸಾಲದವರು ಒಂದು ತೆರ. ಹಣವಿದ್ದೂ ಬುದ್ಧಿ ಸಾಲದವರು ಇನ್ನೊಂದು ತೆರ. ಬೆಂಗಳೂರಿನಲ್ಲಿ ಮೂವತ್ತೈದು ವರ್ಷ ಬ್ಯಾಂಕಿನ ಲೆಕ್ಕ ನೋಡಿ 2018ರಲ್ಲಿ ನಿವೃತ್ತರಾದ ರಾಯರನ್ನು ಅವರ ಪತ್ನಿ ಎರಡನೆಯ ತೆರಕ್ಕೆ ಸೇರಿಸಿದರು. ರಾಯರು ಪ್ರತಿವಾದ ಹೂಡಲಿಲ್ಲ. ಹೂಡುವ ಮುಖವೂ ಅವರಿಗಿರಲಿಲ್ಲ. ವೃತ್ತಿಯಲ್ಲಿದ್ದಷ್ಟು ಕಾಲವೂ ಪರರ ಸಾಲದ ಅರ್ಜಿಗಳನ್ನು ಓದಿ, ‘ವಾಹನದ ವಯಸ್ಸು ಹೆಚ್ಚು, ಸಾಲ ಕೊಡಲಾಗದು’ ಎಂದು ಅಂಚಿನಲ್ಲಿ ಬರೆಯುತ್ತಿದ್ದವರು ಅವರೇ. ಈಗ ತಾವು ಕೊಂಡ ವಾಹನಕ್ಕೆ ನಲವತ್ತನಾಲ್ಕು ವರ್ಷ.

ಕಾರಣವಿಲ್ಲದೆ ಕೊಂಡವರಲ್ಲ ರಾಯರು. ಅವರ ಹುಟ್ಟೂರು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿದೆ. ಊರು ಎಂದರೆ ಬಯಲುಸೀಮೆಯವರು ಎಣಿಸುವಂಥ ಊರಲ್ಲ. ಒಂದು ಮನೆ, ಕೆಳಗೆ ಕಣಿವೆಯಲ್ಲಿ ಅಡಿಕೆಯ ತೋಟ, ಮೇಲೆ ಸೊಪ್ಪಿನ ಬೆಟ್ಟ. ಅಷ್ಟಕ್ಕೇ ಒಂದು ಹೆಸರು. ಡಾಂಬರು ರಸ್ತೆ ನಿಲ್ಲುವಲ್ಲಿಂದ ಮನೆಗೆ ಎರಡೂವರೆ ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಹಳ್ಳ ದಾಟಿದೊಡನೆ ಕಡಿದಾದ ಒಂದು ಏರು. ಮಾಘ ಮಾಸದಲ್ಲಿ ಹೆಂಗಸರು ಮಕ್ಕಳು ಹರಟುತ್ತ ನಡೆಯುವ ಆ ದಾರಿ ಆಷಾಢದಲ್ಲಿ ದಾರಿಯೂ ಅಲ್ಲ, ಹಳ್ಳವೂ ಅಲ್ಲ. ಎರಡೂ ಕೂಡಿ ಆದ ಕೆಂಪು ಕೆಸರು.

ಆ ಮನೆಯಲ್ಲಿ ಎಂಬತ್ತಾರು ವರ್ಷದ ತಾಯಿ, ಜೊತೆಗೆ ತೋಟ ನೋಡಿಕೊಳ್ಳುವ ದಂಪತಿಗಳು. 2018ರ ಶ್ರಾವಣದಲ್ಲಿ ತಾಯಿಗೆ ಜ್ವರ ಬಂದು ಉಸಿರು ಕಟ್ಟುವಂತಾಯಿತು. ಆಂಬುಲೆನ್ಸು ಡಾಂಬರು ರಸ್ತೆಯ ಕೊನೆಯವರೆಗೆ ಬಂದು ನಿಂತಿತು. ಅಲ್ಲಿಂದ ಈಚೆಗೆ ಬರುವುದು ಅದರ ಕೈಲಾಗಲಿಲ್ಲ. ಜಗಲಿಯ ಕುರ್ಚಿಗೆ ಎರಡು ಬಿದಿರ ಗಳು ಕಟ್ಟಿ, ಮುದುಕಿಯನ್ನು ಕಂಬಳಿಯಲ್ಲಿ ಸುತ್ತಿ ಕೂರಿಸಿ, ಮೇಲೆ ಪ್ಲಾಸ್ಟಿಕ್ಕು ಹೊದಿಸಿ, ನಾಲ್ಕು ಜನ ಹೊತ್ತರು. ಎರಡೂವರೆ ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ರಾಯರು ಬೆಂಗಳೂರಿನಿಂದ ಬಂದು ಆಸ್ಪತ್ರೆ ಮುಟ್ಟುವಾಗ ಮರುದಿನದ ಬೆಳಗು. ತಾಯಿ ಕಣ್ಣು ಬಿಟ್ಟು, “ಕುರ್ಚಿ ಮೇಲೆ ಕೂತು ಮೆರವಣಿಗೆ ಹೋದೆ ಮಾಣಿ, ನೀನು ನೋಡಬೇಕಿತ್ತು” ಎಂದರು. ಅರವತ್ತಾದರೂ ಅವರಿಗೆ ಮಗ ಮಾಣಿಯೇ. ಸುತ್ತ ಇದ್ದವರೆಲ್ಲ ನಕ್ಕರು. ರಾಯರಿಗೆ ನಗು ಬರಲಿಲ್ಲ.

ಬೆಂಗಳೂರಿಗೆ ಬಾ ಎಂದು ಕರೆದದ್ದು ಅದೇ ಮೊದಲಲ್ಲ. ಹಿಂದೊಮ್ಮೆ ಬಂದ ತಾಯಿ ಹನ್ನೊಂದನೆಯ ದಿನ, ಇಲ್ಲಿಯ ನೀರಿಗೆ ರುಚಿಯಿಲ್ಲ, ಕಾಗೆಗೂ ಪುರಸತ್ತಿಲ್ಲ ಎಂದು ಹೊರಟುಬಿಟ್ಟಿದ್ದರು. ಈ ಸಲವೂ ಒಲ್ಲೆ ಎಂದರು. ಆಗ ರಾಯರ ಮನಸ್ಸಿನಲ್ಲಿ ಒಂದು ಯೋಚನೆ ಹುಟ್ಟಿತು. ಮಳೆಗಾಲದಲ್ಲಿಯೂ ಅಂಗಳದವರೆಗೆ ಹೋಗುವ ಒಂದು ವಾಹನವಿದ್ದರೆ ತಾಯಿಯನ್ನು ಬೇಕಾದಾಗ ಕರೆತರಬಹುದು. ಕರೆತರುವುದು ಸುಲಭವಾದರೆ ಅವರ ಹಟವೂ ಕರಗೀತು. ಪತ್ನಿಯ ಮುಂದೆ ಮಾತ್ರ ಇದನ್ನು ಬಿಡಿಸಿ ಹೇಳದೆ, ಅಡಿಕೆ ಮೂಟೆ ಸಾಗಿಸಲು ಒಂದು ಪಿಕಪ್ಪು ಬೇಕು ಎಂದರು. ಆ ತೋಟದ ವರ್ಷದ ಫಸಲನ್ನು ಸಾಗಿಸಲು ಪಿಕಪ್ಪು ನಾಲ್ಕು ಸಲ ಓಡಿದರೆ ಹೆಚ್ಚು ಎಂಬುದು ಆಕೆಗೆ ಗೊತ್ತಿತ್ತು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸರಿಗೆ ಇಂಥ ಸುಳ್ಳುಗಳು ಅರ್ಥವಾಗುತ್ತವೆ; ಅರ್ಥವಾದದ್ದನ್ನು ಆಡುವುದಿಲ್ಲ ಅಷ್ಟೆ.

ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಹೊಸ ಪಿಕಪ್ಪಿನ ಬೆಲೆ ಕೇಳಿ ಬಂದ ದಿನ ರಾಯರು ರಾತ್ರಿ ಊಟದಲ್ಲಿ ಮಜ್ಜಿಗೆ ಹಾಕಿಸಿಕೊಳ್ಳುವುದನ್ನು ಮರೆತರು. ಕೊಪ್ಪದಲ್ಲಿ ಗ್ಯಾರೇಜು ಇಟ್ಟಿದ್ದ ಮೇಸ್ತ್ರಿಯೊಬ್ಬರು ಆ ಸಮಯಕ್ಕೆ ಒಂದು ಮಾತು ಹೇಳಿದರು: “ಹೊಸದು ಕೆಟ್ಟರೆ ಕಂಪ್ಯೂಟರು ಬೇಕು ರಾಯರೆ. ಹಳೆ ಜೀಪು ಕೆಟ್ಟರೆ ನಾನು ಸಾಕು.” ಮೂಡಿಗೆರೆಯ ಕಡೆಯ ಕಾಫಿ ತೋಟವೊಂದರಲ್ಲಿ ಒಂದು ಜೀಪು ನಿಂತೇ ಇದೆ ಎಂದು ಸುಳಿವು ಕೊಟ್ಟವರೂ ಅವರೇ.

ನಿಂತೇ ಇದೆ ಎಂಬ ಮಾತು ನಿಜವಾಗಿತ್ತು. ಕಾಫಿ ಒಣಗಿಸುವ ಕಣದ ಹಿಂದಿನ ಕೊಟ್ಟಿಗೆಯಲ್ಲಿ ಅದು ಒಂಬತ್ತು ವರ್ಷದಿಂದ ನಿಂತಿತ್ತು. 1974ರ ಉದ್ದ ಚಾಸಿಯ ಮಹೀಂದ್ರ ಜೀಪು. ಹಿಂದಿನ ಸೀಟುಗಳನ್ನು ಕಿತ್ತು, ಗೊಬ್ಬರ, ಕಾಫಿ ಚೀಲ ಹೇರಲು ತಗಡಿನ ತೊಟ್ಟಿ ಕಟ್ಟಿಸಿದ್ದರು. ತೊಟ್ಟಿಯಲ್ಲಿ ಕೋಳಿಗಳು ಸಂಸಾರ ಹೂಡಿದ್ದವು. ಚಾಲಕನ ಕಾಲಿನ ಬಳಿ ನೆಲದ ತಗಡು ಹೋಗಿ ಕೆಳಗಿನ ಮಣ್ಣು ಕಾಣುತ್ತಿತ್ತು. ತೋಟದ ರೈಟರು ಒಂದು ಲಕ್ಷ ಹತ್ತು ಸಾವಿರ ಎಂದರು. ಎಂಬತ್ತೈದಕ್ಕೆ ವ್ಯಾಪಾರ ಮುಗಿಯಿತು. ಕೋಳಿಗಳು ಇಳಿಯಲು ಒಪ್ಪದ್ದರಿಂದ ಇನ್ನರ್ಧ ಗಂಟೆ ತಡವಾಯಿತು. ಲಾರಿಯ ಮೇಲೆ ಹೇರಿ ಬಾಳೆಹೊನ್ನೂರಿನ ಮಾರ್ಗವಾಗಿ ಕೊಪ್ಪಕ್ಕೆ ತಂದರು.

ಜೀಪಿನ ವಂಶಾವಳಿ ಸ್ವಾರಸ್ಯವಾದುದು. 1940ರಲ್ಲಿ ಅಮೆರಿಕದ ಸೈನ್ಯ ಹಗುರವಾದ, ನಾಲ್ಕು ಚಕ್ರಕ್ಕೂ ಬಲವಿರುವ ಒಂದು ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಬ್ಯಾಂಟಂ ಎಂಬ ಸಣ್ಣ ಕಂಪನಿ ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಹೆಸರೂ ಲಾಭವೂ ಬಹುಮಟ್ಟಿಗೆ ಹೋದದ್ದು ಅದನ್ನು ರಾಶಿರಾಶಿಯಾಗಿ ತಯಾರಿಸಿದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಲೋಕದಲ್ಲಿ ಇದು ಹೊಸ ಸಂಗತಿಯಲ್ಲ. ಯುದ್ಧ ಮುಗಿಯಿತು, ಗಾಡಿ ಮುಗಿಯಲಿಲ್ಲ. ಓಹಾಯೊ ಸಂಸ್ಥಾನದ ಟೊಲೀಡೊ ನಗರದಲ್ಲಿ ವಿಲ್ಲಿಸ್ ಕಂಪನಿ 1947ರಿಂದ ರೈತರಿಗೆಂದು ನಾಲ್ಕು ಚಕ್ರದ ಬಲದ ಪಿಕಪ್ಪುಗಳನ್ನೂ ಮಾಡಿ ಮಾರಿತು. ಭಾರತದಲ್ಲಿ ಅದೇ ಜೀಪಿನ ಬಿಡಿ ಭಾಗಗಳನ್ನು ಜೋಡಿಸಲು ತೊಡಗಿದವರು ಮುಂಬಯಿಯ ಮಹೀಂದ್ರ ಕಂಪನಿಯವರು. ಎತ್ತರದ ಮೂಗಿನ ಆ ರೂಪ ಅಮೆರಿಕದಲ್ಲಿ ಮರೆಯಾದ ಮೇಲೂ ಇಲ್ಲಿ ದಶಕಗಳ ಕಾಲ ಬಾಳಿತು. ಆ ಮೂಗು ಎತ್ತರವಾದದ್ದು ಅಂದಕ್ಕಲ್ಲ. ಹೊಸ ಎಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲು ಒಳಗೆ ಬರುವ ಕವಾಟಗಳನ್ನು ಮೇಲ್ಭಾಗದಲ್ಲಿ, ಹೊಗೆ ಹೊರಹೋಗುವ ಕವಾಟಗಳನ್ನು ಪಕ್ಕದಲ್ಲಿ ಇಟ್ಟರು, ಎಂಜಿನ್ನು ಎತ್ತರವಾಯಿತು, ಬಾನೆಟ್ಟನ್ನು ಎತ್ತಲೇಬೇಕಾಯಿತು.

ಇನ್ನು ತುಕ್ಕಿನ ವಿಚಾರ. ಕಬ್ಬಿಣ, ನೀರು, ಗಾಳಿ ಮೂರೂ ಕೂಡಿದರೆ ತುಕ್ಕು ಹುಟ್ಟುತ್ತದೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದರ ಕಪಟವನ್ನು ಬಲ್ಲವರು ಮೇಸ್ತ್ರಿಗಳು ಮಾತ್ರ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಜಾಗವನ್ನು ಬೇಡುತ್ತದೆ. ಆದ್ದರಿಂದ ಬಣ್ಣವನ್ನು ಒಳಗಿನಿಂದ ದೂಡಿ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದರೆ ಅಲ್ಲಿ ನೀರು ತಂಗುತ್ತದೆ. ತಂಗಿದ ನೀರು ಮತ್ತೆ ತುಕ್ಕಾಗುತ್ತದೆ. ಕಣ್ಣಿಗೆ ಕಾಣುವ ತುಕ್ಕಿನಿಂದ ಅಷ್ಟು ಭಯವಿಲ್ಲ. ಚಾಸಿಯ ಮುಂಭಾಗ ಪೆಟ್ಟಿಗೆಯ ಹಾಗೆ ನಾಲ್ಕು ಕಡೆಯೂ ಮುಚ್ಚಿರುತ್ತದೆ. ನೀರು ಹರಿದು ಹೋಗಲಿ ಎಂದು ಬಿಟ್ಟ ತೂತುಗಳಿಗೆ ಕೆಸರು ಮೆತ್ತಿದರೆ ಅದು ಒಳಗಿನಿಂದ ಕರಗುತ್ತ ಬರುತ್ತದೆ. ಹೊರಗೆ ಬಣ್ಣ ನೆಟ್ಟಗಿರುತ್ತದೆ, ಒಳಗೆ ಹೂರಣವಿರುವುದಿಲ್ಲ.

ಮೇಸ್ತ್ರಿ ಮೊದಲ ದಿನ ಮಾಡಿದ್ದು ಒಂದೇ ಕೆಲಸ. ಸಣ್ಣ ಸುತ್ತಿಗೆ ಹಿಡಿದು ಜೀಪಿನ ಕೆಳಗೆ ಅಂಗಾತ ಮಲಗಿ, ಚಾಸಿಯನ್ನು ಗೇಣು ಗೇಣಿಗೆ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಟಣ್ ಎಂದಿತು. ತಿಂದುಹೋದ ಕಬ್ಬಿಣ ಡಬ್ ಎಂದಿತು. ಡಬ್ ಎಂದಲ್ಲೆಲ್ಲ ರಾಯರು ಸೀಮೆಸುಣ್ಣದಿಂದ ಗುರುತು ಹಾಕಬೇಕು. ಗುರುತುಗಳು ಏಳಾದವು. ಏಳನೆಯದರಲ್ಲಿ ಮೇಸ್ತ್ರಿ ಸ್ಕ್ರೂಡ್ರೈವರನ್ನು ಒತ್ತಿದರು. ಅದು ಹಿಡಿಯವರೆಗೆ ಒಳಗೆ ಹೋಯಿತು. ಒಳಗಿನಿಂದ ಒಂದು ಬೊಗಸೆ ಕೆಂಪು ಪುಡಿ ರಾಯರ ಬಿಳಿಯ ಅಂಗಿಯ ಮೇಲೆ ಸುರಿಯಿತು.

ಎರಡು ತಿಂಗಳೆಂದು ತೊಡಗಿದ ಕೆಲಸ ಐದು ತಿಂಗಳಿಗೆ ಬೆಳೆಯಿತು. ಇಂಥ ಕೆಲಸದಲ್ಲಿ ಹಾಳಾದದ್ದನ್ನು ಸರಿಪಡಿಸುವುದಕ್ಕಿಂತ ಹಾಳಾದದ್ದು ಎಲ್ಲಿಗೆ ನಿಲ್ಲುತ್ತದೆಂದು ಹುಡುಕುವುದೇ ದೊಡ್ಡದು. ತುಕ್ಕಿನ ಮೇಲೆ ಬೆಸುಗೆ ಹಿಡಿಯದು. ಕೊಯ್ದಷ್ಟೂ ಇನ್ನೊಂದಿಷ್ಟು ಕೊಯ್ಯಬೇಕಾಗುತ್ತದೆ. ಹೊಳೆಯುವ ಕಬ್ಬಿಣ ಸಿಕ್ಕಿದ ಮೇಲೆಯೇ ಹೊಸ ತುಂಡು. ತೆಳುವಾದ ನೆಲದ ತಗಡಿಗೆ ಒಂದೇ ಸಮನೆ ಬೆಸುಗೆ ಹಾಕಿದರೆ ಕಾವಿಗೆ ಅದು ಹಪ್ಪಳದಂತೆ ಮುದುಡುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ಒಂದು ಬೀಡಿ. ಹೀಗೆ ಮೇಸ್ತ್ರಿಯ ಬೆಸುಗೆ ಸಾಗಿತು. ಬೋಲ್ಟುಗಳ ಕಥೆ ಬೇರೆ. ರಾತ್ರಿ ಸೀಮೆಎಣ್ಣೆ ಹನಿಸಿ ಬಿಟ್ಟು, ಬೆಳಗ್ಗೆ ಬೆಂಕಿಯಲ್ಲಿ ಕಾಯಿಸಿ ತಿರುಗಿಸಿದರೆ ಮೂರರಲ್ಲಿ ಒಂದು ಬರುತ್ತದೆ, ಒಂದು ಮುರಿಯುತ್ತದೆ, ಒಂದು ನಾಳೆ ನೋಡೋಣ ಎನ್ನುತ್ತದೆ. ಬಿಡಿ ಭಾಗಗಳಿಗಾಗಿ ರಾಯರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತಿದರು. ಮೂವತ್ತೈದು ವರ್ಷ ಅದೇ ನಗರದಲ್ಲಿದ್ದು ಆ ಓಣಿಗಳಿಗೆ ಕಾಲಿಟ್ಟದ್ದು ಅದೇ ಮೊದಲು. ಗೇರುಪೆಟ್ಟಿಗೆಯ ಬುಷ್ಷೊಂದನ್ನು ಬೆಳ್ಳಿಯ ಕುಂಕುಮದ ಭರಣಿಯಂತೆ ಕರವಸ್ತ್ರದಲ್ಲಿ ಸುತ್ತಿ ತಂದದ್ದನ್ನು ಪತ್ನಿ ನೋಡಿ ಒಳಗೆ ಹೋದರು.

ರಾಯರು ಆ ಐದು ತಿಂಗಳೂ ಇದ್ದದ್ದು ತಾಯಿಯ ಮನೆಯಲ್ಲಿ. ಬೆಳಗ್ಗೆ ಎರಡೂವರೆ ಕಿಲೋಮೀಟರು ನಡೆದು ಬಸ್ಸು ಹಿಡಿದು ಕೊಪ್ಪಕ್ಕೆ ಹೋಗುವುದು, ಸಂಜೆ ಹಿಂದಿರುಗುವುದು. ಹದಿನಾರನೆಯ ವಯಸ್ಸಿಗೆ ಓದಲೆಂದು ಮನೆ ಬಿಟ್ಟವರು ಅಷ್ಟು ದೀರ್ಘ ಕಾಲ ಅಲ್ಲಿ ತಂಗಿದ್ದು ಆ ಬಳಿಕ ಇಲ್ಲವೇ ಇಲ್ಲ. ತಾಯಿ ದಿನವೂ ಬಾಳೆಲೆಯಲ್ಲಿ ಬುತ್ತಿ ಕಟ್ಟಿಕೊಡುವರು. ಸಂಜೆ ಕೈಕಾಲು ತೊಳೆಯುವುದರೊಳಗೆ ಪ್ರಶ್ನೆ: “ಇವತ್ತು ಏನು ಬಿಚ್ಚಿದಿರಿ?” ರಾಯರು ಹೇಳುವರು. ಗೇರುಪೆಟ್ಟಿಗೆ, ಸ್ಪ್ರಿಂಗಿನ ಪಟ್ಟಿ, ಬ್ರೇಕಿನ ಡ್ರಮ್ಮು. ಮುದುಕಿ ಎಲ್ಲವನ್ನೂ ತಲೆದೂಗಿ ಕೇಳಿಸಿಕೊಳ್ಳುವರು. ಒಂದು ಸಂಜೆ, “ನಿಮ್ಮಪ್ಪಯ್ಯನೂ ಒಂದು ಜೀಪು ತರುವೆ ಅಂತ ಹೇಳುತ್ತಲೇ ಇದ್ದರು. ಆಮೇಲೆ ನಿನ್ನ ಓದು ಬಂತು” ಎಂದರು. ಅಷ್ಟು ಹೇಳಿ ದೀಪ ಹಚ್ಚಲು ಎದ್ದರು. ರಾಯರು ಬಹಳ ಹೊತ್ತು ಜಗಲಿಯಲ್ಲಿಯೇ ಕುಳಿತಿದ್ದರು.

ಎಪ್ರಿಲ್ ತಿಂಗಳಿನಲ್ಲಿ ಕೆಲಸವೆಲ್ಲ ನೀರುಪಾಲಾಗುವ ಸಂದರ್ಭವೊಂದು ಬಂತು. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿದರೆ ಆಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಈ ಜೀಪಿನ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ದಂಡ ಕಟ್ಟಿದರೆ ಅದಕ್ಕೆ ದಾರಿಯುಂಟು. ತೊಟ್ಟಿ ಕಟ್ಟಿಸಿದ್ದೂ ಪುಸ್ತಕದಲ್ಲಿ ಮೊದಲೇ ನಮೂದಾಗಿತ್ತು. ಆದರೆ ಚಾಸಿಯಲ್ಲಿ ಕೊರೆದ ಸಂಖ್ಯೆ ಪುಸ್ತಕದ ಸಂಖ್ಯೆಗೆ ತಾಳೆಯಾಗಲೇಬೇಕು. ಅದರ ಮೇಲೆ ಕಾಗದವಿಟ್ಟು ಪೆನ್ಸಿಲು ಉಜ್ಜಿ, ಮೂಡಿದ ಅಚ್ಚನ್ನು ಚಿಕ್ಕಮಗಳೂರಿನ ಸಾರಿಗೆ ಕಚೇರಿಗೆ ಒಪ್ಪಿಸಬೇಕು. ಸಂಖ್ಯೆಯಿದ್ದ ಜಾಗ ಪೂರ್ತಿ ತುಕ್ಕು. ಮೇಸ್ತ್ರಿ ಸೀಮೆಎಣ್ಣೆ ಹಚ್ಚಿ, ಇರುವ ಅಚ್ಚೂ ಅಳಿದೀತೆಂದು ಉಕ್ಕಿನ ಕುಂಚ ಬಿಟ್ಟು ಹಿತ್ತಾಳೆಯ ಕುಂಚದಿಂದ ಮೆಲ್ಲಗೆ ಉಜ್ಜಿದರು. ಒಂದೊಂದೇ ಅಂಕಿ ಎದ್ದು ಬಂತು. ಐದನೆಯದರಲ್ಲಿ ತೊಡಕಾಯಿತು. ಪುಸ್ತಕದಲ್ಲಿ 8, ಕಬ್ಬಿಣದ ಮೇಲೆ 3. ಪೆನ್ಸಿಲಿನ ಅಚ್ಚಿನಲ್ಲಿಯೂ 3. ಮೇಸ್ತ್ರಿ ಕುಂಚವನ್ನು ಕೆಳಗಿಟ್ಟು ಮಾತಿಲ್ಲದೆ ಕುಳಿತರು. ಅಂಕಿ ತಾಳೆಯಾಗದಿದ್ದರೆ ಅದು ಜೀಪಲ್ಲ, ಗುಜರಿ. ಅಷ್ಟರಲ್ಲಿ ರಾಯರ ಉಳಿತಾಯದಿಂದ ಹೋದದ್ದು, ಕೊಂಡ ಬೆಲೆ ಸೇರಿ, ಎರಡು ಲಕ್ಷ ದಾಟಿತ್ತು.

ಅಂದು ರಾಯರು ಮನೆಗೆ ಹೋಗಲಿಲ್ಲ. ಕತ್ತಲಾದ ಮೇಲೆ ಗ್ಯಾರೇಜಿನ ದೀಪಗಳನ್ನೆಲ್ಲ ಆರಿಸಲು ಹೇಳಿ, ಅಂಕಿಗಳ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ ಒರೆಸಿ, ಬ್ಯಾಟರಿಯ ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರು. ಬ್ಯಾಂಕಿನಲ್ಲಿ ಅಳಿಸಿದ ಅಂಕಿಯನ್ನೂ ತಿದ್ದಿದ ಚೆಕ್ಕನ್ನೂ ಅವರು ಪತ್ತೆ ಹಚ್ಚುತ್ತಿದ್ದುದು ಹಾಗೆಯೇ. ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ತಗ್ಗು ಕೂಡ ನೆರಳು ಚೆಲ್ಲುತ್ತದೆ. ಮೂರರ ಎಡಬದಿಯಲ್ಲಿ ಎರಡು ತೆಳುವಾದ ಬಿಳಿಯ ಕಮಾನುಗಳು ಕಂಡವು. ಎಂಟೇ ಸರಿ. ತುಕ್ಕು ಅದರ ಎಡಭಾಗವನ್ನಷ್ಟೆ ತಿಂದಿತ್ತು. ಮೇಸ್ತ್ರಿ ಇಣುಕಿ ನೋಡಿ, “ರಾಯರೆ, ನೀವು ತಪ್ಪು ಕೆಲಸಕ್ಕೆ ಸೇರಿದ್ದಿರಿ” ಎಂದರು. ಮೂವತ್ತೈದು ವರ್ಷಗಳ ಸೇವೆಯಲ್ಲಿ ರಾಯರಿಗೆ ಬಂದ ಪ್ರಶಂಸೆಗಳಲ್ಲಿ ಇದಕ್ಕಿಂತ ದೊಡ್ಡದು ಇರಲಾರದು. ಕಚೇರಿಯ ಇನ್ಸ್‌ಪೆಕ್ಟರೂ ಅದೇ ರೀತಿ ಬೆಳಕು ಹಿಡಿಸಿ ನೋಡಿ, ಒಪ್ಪಿ, ಸಹಿ ಹಾಕಿದರು.

ಮೇ ತಿಂಗಳಿನಲ್ಲಿ ಪತ್ನಿ ಬಂದರು. ಜೀಪು ಮೈತುಂಬ ರೆಡ್ ಆಕ್ಸೈಡು ಬಳಿದುಕೊಂಡು ನಿಂತಿತ್ತು. ಆಕೆ ಒಂದು ಸುತ್ತು ಬಂದರು. ನೆಲದ ಹೊಸ ತಗಡನ್ನು ಮೆಟ್ಟಿ ನೋಡಿದರು. ಲೆಕ್ಕದ ಪುಸ್ತಕ ಕೇಳಿದರು. ರಾಯರು ಕೊಟ್ಟರು. ಆಕೆ ಕೊನೆಯ ಪುಟದವರೆಗೆ ಓದಿ ಮುಚ್ಚಿ, “ಬಣ್ಣವನ್ನಾದರೂ ನನ್ನನ್ನು ಕೇಳಿ ಹೊಡೆಸಿ” ಎಂದರು. ಎಲೆಹಸಿರು ಬಣ್ಣ ಆಕೆಯ ಆಯ್ಕೆ. ಮಳೆಗೆ ಮುಂಚೆ ಮೇಸ್ತ್ರಿ ಚಾಸಿಯ ಒಳಗೆ ಎಂಜಿನ್ನಿನ ಹಳೆಯ ಕರಿ ಎಣ್ಣೆಯನ್ನು ಸಿಂಪಡಿಸಿದರು. ಮಲೆನಾಡಿನ ಗ್ಯಾರೇಜುಗಳಲ್ಲಿ ತುಕ್ಕಿಗೆ ಅದೇ ರಾಮಬಾಣ. ಒಂದು ವ್ಯಾಧಿ ಮಾತ್ರ ವಾಸಿಯಾಗಲಿಲ್ಲ. ಮುಂದಿನ ಚಕ್ರಗಳು ತಿರುಗುವಲ್ಲಿ ಉಕ್ಕಿನ ಒಂದೊಂದು ಗೋಳವಿದೆ; ಅದರ ಮೈ ತುಕ್ಕಿನಿಂದ ಗುಳಿ ಬಿದ್ದರೆ ಒಳಗಿನ ಎಣ್ಣೆ ಸೋರುತ್ತದೆ. ಎರಡು ಸಲ ಸೀಲು ಬದಲಿಸಿದರೂ ಸೋರಿತು. “ಜೀಪಿನಿಂದ ಎಣ್ಣೆ ಸೋರುವುದು ನಿಂತರೆ ಎಣ್ಣೆ ಮುಗಿದಿದೆ ಅಂತ ಅರ್ಥ, ರಾಯರೆ” ಎಂದು ಮೇಸ್ತ್ರಿ ಸಮಾಧಾನ ಹೇಳಿದರು.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ಹಳ್ಳದ ಆಚೆಯ ಏರಿನ ಬುಡದಲ್ಲಿ ಮೇಸ್ತ್ರಿ ರಾಯರಿಗೆ ವಿದ್ಯಾರಂಭ ಮಾಡಿಸಿದರು. ಗೇರಿನ ಕೋಲಲ್ಲದೆ ಇನ್ನೂ ಎರಡು ಕೋಲುಗಳಿವೆ. ಒಂದು ಮುಂದಿನ ಚಕ್ರಗಳಿಗೂ ಬಲ ಕೂಡಿಸುವುದು. ಇನ್ನೊಂದು ವೇಗವನ್ನು ಸುಮಾರು ಎರಡೂವರೆ ಪಟ್ಟು ತಗ್ಗಿಸಿ ಎಳೆಯುವ ಶಕ್ತಿಯನ್ನು ಅಷ್ಟೇ ಪಟ್ಟು ಹೆಚ್ಚಿಸುವುದು. ಡಾಂಬರಿನ ಮೇಲೆ ಮುಂದಿನ ಬಲ ಕೂಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತುತ್ತವೆ. ಕೆಸರಿನಲ್ಲಾದರೆ ಚಕ್ರ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ, ಡಾಂಬರಿನಲ್ಲಿ ಜಾರಲು ಎಡೆಯಿಲ್ಲದೆ ಗೇರುಗಳು ಒಂದನ್ನೊಂದು ಹಿಂಡುತ್ತವೆ. ರಾಯರು ಮೊದಲ ಸಲ ಕಾಲನ್ನು ಬಿರುಸಾಗಿ ಒತ್ತಿದರು. ನಾಲ್ಕು ಚಕ್ರಗಳೂ ನಿಂತಲ್ಲೇ ಸುತ್ತಿ ಮೇಸ್ತ್ರಿಯ ಮೇಲೆ ಕೆಸರಿನ ಅಭಿಷೇಕವಾಯಿತು. “ಓಡಿಸಬೇಡಿ, ನಡೆಸಿ” ಎಂದರು ಅವರು, ಮುಖ ಒರೆಸಿಕೊಳ್ಳುತ್ತ. ಎರಡನೆಯ ಸಲ ಜೀಪು ಮುದಿ ಎಮ್ಮೆಯಂತೆ ಒಂದೊಂದೇ ಹೆಜ್ಜೆ ಹತ್ತಿ ಅಂಗಳದಲ್ಲಿ ನಿಂತಿತು. ತಾಯಿ ಆರತಿ ತಟ್ಟೆ ಹಿಡಿದು ಕಾದಿದ್ದರು.

ಆಗಸ್ಟಿನಲ್ಲಿ ಮಲೆನಾಡಿನ ಮೇಲೆ ಆಕಾಶವೇ ಕಳಚಿತು. 2019ರ ಆ ಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದು ಸಂಚಾರ ನಿಂತಿತ್ತು. ಒಂದು ರಾತ್ರಿ ಹನ್ನೊಂದು ಗಂಟೆಗೆ ಕೆಳಗಿನ ಬಿಡಾರದಿಂದ ಕೂಲಿಯವನೊಬ್ಬ ಲಾಟೀನು ಹಿಡಿದು ಓಡಿ ಬಂದ. ಹೆಂಡತಿಗೆ ಹೆರಿಗೆ ನೋವು. ತೊಟ್ಟಿಯಲ್ಲಿ ಹುಲ್ಲು ಹರಡಿ, ಮೇಲೆ ಚಾಪೆ, ಮೇಲೆ ಟಾರ್ಪಾಲು; ಹುಡುಗಿಯ ಪಕ್ಕದಲ್ಲಿ ಕಂಬಳಿ ಹೊದ್ದು ರಾಯರ ಪತ್ನಿ. ಹಳ್ಳದಲ್ಲಿ ನೀರು ಚಕ್ರದ ನಡುವಿಗೆ ಬಂದಿತ್ತು. ರಾಯರು ನಡೆಸಿದರು, ಓಡಿಸಲಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಡಾಂಬರು ಸಿಕ್ಕಿತು. ಬೆಳಗಿನ ಜಾವ ಆಸ್ಪತ್ರೆಯಲ್ಲಿ ಗಂಡು ಮಗು.

ಗಣೇಶನ ಹಬ್ಬ ಕಳೆದ ಮೇಲೆ ರಾಯರು ಮೆಲ್ಲಗೆ ಮಾತು ತೆಗೆದರು. “ಅಮ್ಮಾ, ಈಗ ಗಾಡಿ ಇದೆ. ಮೈ ನೋಯುವುದಿಲ್ಲ. ಬೆಂಗಳೂರಿಗೆ ಹೋಗೋಣ.” ತಾಯಿ ಅಡಿಕೆ ಕತ್ತರಿಸುತ್ತಿದ್ದವರು ತಲೆಯೆತ್ತಲಿಲ್ಲ. “ಹೋದ ವರ್ಷ ದಾರಿಯಿಲ್ಲ ಅಂತ ಕರೆದೆ. ಈಗ ದಾರಿ ಆಯಿತಲ್ಲ ಮಾಣಿ, ಇನ್ನು ಯಾಕೆ ಬರಬೇಕು?” ಎಂದರು.

ರಾಯರು ಪತ್ನಿಯ ಮುಖ ನೋಡಿದರು. ಪತ್ನಿ ಅಂಗಳದ ಜೀಪನ್ನು ನೋಡುತ್ತಿದ್ದರು. ಆಕೆಗೆ ಬೆಂಗಳೂರಿನಲ್ಲಿ ಮಗಳ ಮನೆಯ ಕೆಲಸವಿತ್ತು. ಮರುವಾರ ಒಬ್ಬರೇ ಹೊರಟರು. ಬಸ್ಸಿನವರೆಗೆ ಜೀಪಿನಲ್ಲಿ ಬಿಟ್ಟು ಬಂದ ರಾಯರನ್ನು ಇಳಿಯುವಾಗ ಕೇಳಿದರು:

“ನೀವು ಯಾವಾಗ ಬರುತ್ತೀರಿ?”

“ಮುಂದಿನ ಚಕ್ರದಿಂದ ಇನ್ನೂ ಎಣ್ಣೆ ಸೋರುತ್ತಿದೆ” ಎಂದರು ರಾಯರು. “ಅದು ನಿಂತ ಕೂಡಲೆ ಹೊರಟು ಬರುತ್ತೇನೆ.”